ಸ್ವವಿಮರ್ಶೆಗೆ ನಾಲ್ಕು

ನೋಟಪೆಟ್ಟಿಗೆಗೆ ಒಂದು ಎಂಬ ಅಂಕ ಗೊತ್ತಿರಲಿಲ್ಲ. ನಾಲ್ಕು ಗೊತ್ತಿತ್ತು, ಮೂರು ಗೊತ್ತಿತ್ತು, ಎರಡಂತೂ ಬಾಯಿಪಾಠವಾಗಿತ್ತು. ಒಂದನ್ನು ಮಾತ್ರ ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಲಿಸದವರ ಸಾಲಿನಲ್ಲಿ ತಾನೂ ನಿಂತಿದ್ದೆ ಎಂಬುದು ಹುಲಿಗಟ್ಟಿಯ ಸರಕಾರಿ ಪ್ರೌಢಶಾಲೆಯ ತಂತ್ರಜ್ಞಾನ ಶಿಕ್ಷಕಿ ದಾಕ್ಷಾಯಣಿ ಕಮ್ಮಾರಳಿಗೆ ತಿಳಿದದ್ದು, ಒಬ್ಬ ಹೆಂಗಸಿನ ಮುಖ ಬೆಂದ ಮೇಲೆ.

ಪೆಟ್ಟಿಗೆ ನೋಡುವುದಕ್ಕೆ ಹೊಲಿಗೆ ಯಂತ್ರದ ಮುಚ್ಚಳದಷ್ಟಿತ್ತು. ಎದುರಿಗೆ ಎರಡು ಗಾಜಿನ ಕಣ್ಣು, ಕೆಳಗೊಂದು ಕಿವಿ. ಒಂಬತ್ತನೆಯ ತರಗತಿಯ ಮಕ್ಕಳು ತಾವು ಕಟ್ಟಿದ ಯಂತ್ರವನ್ನು ಅದರ ಮುಂದಿಟ್ಟು, ಬರೆದ ಹಾಳೆ ತೋರಿಸಿ, ಮೂರು ನಿಮಿಷ ಮಾತಾಡಬೇಕು. ಪೆಟ್ಟಿಗೆ ಐದು ಸಾಲುಗಳ ರೂಬ್ರಿಕ್, ಅಂದರೆ ಅಂಕದ ಪಟ್ಟಿ, ತುಂಬಿಕೊಡುತ್ತದೆ: ಯೋಚನೆ, ಕಟ್ಟುವಿಕೆ, ಸುರಕ್ಷತೆ, ಸ್ವವಿಮರ್ಶೆ, ನಡತೆ. ಒಂದೊಂದು ಸಾಲಿಗೂ ಒಂದರಿಂದ ನಾಲ್ಕು. ಟೀಚರು ನೋಡಿ 'ಒಪ್ಪಿದೆ' ಒತ್ತಬೇಕು, ಜಿಲ್ಲಾ ಮೌಲ್ಯಮಾಪನ ಕೇಂದ್ರದ ಅಧಿಕಾರಿ ಅದರ ಮೇಲೆ ಇನ್ನೊಮ್ಮೆ ಒತ್ತಬೇಕು. ಸರಾಸರಿ ಎರಡೂವರೆ ದಾಟಿತೋ, ನಕ್ಷೆ ತಾನಾಗಿಯೇ ಜಿಲ್ಲಾ ಅಚ್ಚುಮನೆಗೆ ಹೋಗುತ್ತದೆ. ಅಲ್ಲಿ ಯಂತ್ರಗಳು ಅದನ್ನು ನೂರಾರು ಪ್ರತಿ ಅಚ್ಚು ಹಾಕಿ ಊರೂರಿಗೆ ಕಳಿಸುತ್ತವೆ. ಮಗು ಕಟ್ಟಿದ್ದು ನಾಡಿಗೆ, ಎಂದು ಗೋಡೆಗಳ ಮೇಲೆಲ್ಲ ಬರೆಸಿದ್ದರು. ತಡೆ ಒಂದೇ. ಐದರಲ್ಲಿ ಯಾವ ಸಾಲಿಗಾದರೂ ಒಂದು ಬಿದ್ದರೆ ಅಚ್ಚು ನಿಲ್ಲುತ್ತದೆ.

ಆ ಒಂದು ಎಂದೂ ಬೀಳಲಿಲ್ಲ. ಪೆಟ್ಟಿಗೆ ಅಂಕ ಹಾಕುವುದನ್ನು ಕಲಿತದ್ದು ಟೀಚರುಗಳು ಮೂರು ವರ್ಷ ಕೈಯಾರೆ ತುಂಬಿದ ನಲವತ್ತು ಸಾವಿರ ಹಾಳೆಗಳಿಂದ. ಆ ಹಾಳೆಯಲ್ಲಿ ಒಂದು ಹಾಕಿದವರು ಪಕ್ಕದಲ್ಲಿ ಐವತ್ತು ಶಬ್ದದ ಕಾರಣ ಬರೆಯಬೇಕಿತ್ತು. ಮರುದಿನ ಕೇಂದ್ರದಿಂದ ಫೋನು ಬರುತ್ತಿತ್ತು. "ಏನ್ ಟೀಚರ್, ಒಂದ್ ಹಾಕೀರಿ? ಹುಡುಗುರಿಗೆ ಕಲಿಸೀರೋ ಇಲ್ಲೋ?" ಎರಡು ಹಾಕಿದರೆ ಕಾರಣವೂ ಬೇಡ, ಫೋನೂ ಇಲ್ಲ. ನಾಲ್ಕೂವರೆಯ ಬಸ್ಸು ಸಿಗುತ್ತದೆ. ಹೀಗಾಗಿ ಮಡಿಕೆ ಒಡೆದಿದ್ದರೂ ಎರಡು, ವೈರು ಹೊರಗೆ ಇಣುಕುತ್ತಿದ್ದರೂ ಎರಡು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಕೆಡುಕಿಲ್ಲದ ನಲವತ್ತು ಸಾವಿರ ಹಾಳೆಗಳನ್ನು ನುಂಗಿದ ಪೆಟ್ಟಿಗೆ, ಲೋಕದಲ್ಲಿ ಅಪಾಯವೆಂಬುದೇ ಇಲ್ಲ ಎಂದು ತಿಳಿದುಕೊಂಡಿತು.

ಮೆಹರುನ್ನಿಸಾ ನದಾಫ್ ಹೋದ ವರ್ಷ ದಾಕ್ಷಾಯಣಿಯ ತರಗತಿಯಲ್ಲಿ ಹಾಲುಮುಚ್ಚಳ ಕಟ್ಟಿದ್ದಳು. ಶಾಲೆಯ ಮಕ್ಕಳಿಗೆ ಹಾಲು ಕಾಯಿಸುವ ದೊಡ್ಡ ಪಾತ್ರೆಗೆ ಬಿಗಿಯಾಗಿ ಕೂರುವ ಮುಚ್ಚಳ ಅದು. ಹಾಲು ಮೇಲೇರಿದರೆ ಒಳಗಿನ ತೇಲುಗುಂಡು ಮೇಲೆದ್ದು ಗ್ಯಾಸನ್ನು ತಗ್ಗಿಸುತ್ತದೆ, ಉಗಿ ಏಳು ತೂತುಗಳಿಂದ ಹೊರಗೆ ಹೋಗುತ್ತದೆ. ಹಾಲು ಉಕ್ಕುವುದಿಲ್ಲ, ಅಡುಗೆಯವಳು ಒಲೆ ಮುಂದೆ ಅರ್ಧ ತಾಸು ಕಾಯಬೇಕಿಲ್ಲ. ಸ್ವವಿಮರ್ಶೆಯ ಜಾಗದಲ್ಲಿ ಹುಡುಗಿ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಪುಡಿ ಹಾಲಿಗೆ ಇದು ಸರಿ. ಎಮ್ಮೆ ಹಾಲು ಹಾಕಿದರೆ ಕೆನೆ ತೂತುಗಳಿಗೆ ಅಡರಿ ಉಗಿ ಒಳಗೇ ನಿಲ್ಲುತ್ತದೆ. ಮುಚ್ಚಳ ಹಾರಬಹುದು. ಗಟ್ಟಿ ಹಾಲಿಗೆ ಬಳಸಬಾರದು.'

ಪೆಟ್ಟಿಗೆ ಅಂಕ ಕೊಟ್ಟಿತು. ಯೋಚನೆಗೆ ಮೂರು, ಕಟ್ಟುವಿಕೆಗೆ ಎರಡು, ಸುರಕ್ಷತೆಗೆ ಎರಡು, ನಡತೆಗೆ ಮೂರು. ತನ್ನ ದೋಷವನ್ನು ತಾನೇ ಸ್ಪಷ್ಟವಾಗಿ ಗುರುತಿಸಿದ್ದಕ್ಕೆ ಸ್ವವಿಮರ್ಶೆಗೆ ನಾಲ್ಕು. ಸರಾಸರಿ ಎರಡು ಪಾಯಿಂಟ್ ಎಂಟು. ದಾಕ್ಷಾಯಣಿ 'ಒಪ್ಪಿದೆ' ಒತ್ತಿದಳು, ಹಾಳೆಯ ಅಂಚಿಗೆ ಕೆಂಪು ನಕ್ಷತ್ರ ಹಾಕಿದಳು. ಅಚ್ಚುಮನೆಗೆ ನಕ್ಷೆ ಹೋಯಿತು, ಅಂಕ ಹೋಯಿತು. ಹುಡುಗಿಯ ಮಾತು ಹಾಳೆಯಲ್ಲೇ ಉಳಿಯಿತು.

ಮುನ್ನೂರ ಹನ್ನೆರಡು ಶಾಲೆಗಳಿಗೆ ಮುಚ್ಚಳ ಮುಟ್ಟಿದವು. ಈ ಜುಲೈನಲ್ಲಿ ಹಾಲಿನ ಪುಡಿಯ ಲಾರಿ ಒಂದು ವಾರ ಬರಲಿಲ್ಲ.

*

"ನೀವಾ ಆ ಮುಚ್ಚಳಕ್ಕ ಪಾಸ್ ಹಾಕಿದ ಟೀಚರು?"

ಜಿಲ್ಲಾ ಆಸ್ಪತ್ರೆಯ ಮಂಚದ ಮೇಲೆ ಫಕೀರವ್ವ ಗೋಡೆಗೆ ಒರಗಿ ಕೂತಿದ್ದಳು. ಮಲ್ಲೂರ ಶಾಲೆಯ ಅಡುಗೆಯವಳು. ಮುಖದ ಬಲಭಾಗ, ಕುತ್ತಿಗೆ, ಬಲಗೈ ಎಲ್ಲ ಬಿಳೀ ಬಟ್ಟೆಯೊಳಗಿದ್ದವು. ಎಡಗಣ್ಣು ಮಾತ್ರ ದಾಕ್ಷಾಯಣಿಯನ್ನು ಬಿಡದೆ ನೋಡುತ್ತಿತ್ತು.

"ಹೌದವ್ವಾ. ನಾನ."

"ಪುಡಿ ಮುಗದಿತ್ತು. ಹುಡುಗುರು ಹಸದ ಬರ್ತಾವ. ಹೆಡ್‌ಮಾಸ್ತರು ಗೌಳ್ಯಾರ ಮನಿಯಿಂದ ಎಮ್ಮಿ ಹಾಲು ತರಸಿದ್ರು. ಮುಚ್ಚಳ ಹಾಕಬ್ಯಾಡ್ರಿ, ಹಾಲು ದಪ್ಪ ಅದಾವ ಅಂತ ನಾ ಅಂದೆ. ಇಲ್ಲಬೇ, ದಿನಾ ಮುಚ್ಚಳದ ಫೋಟೋ ಕಳಸಬೇಕು, ಹಾಕು ಅಂದ್ರು." ಆಕೆ ತಡೆದು ಉಸಿರು ತೆಗೆದುಕೊಂಡಳು. "ಎಷ್ಟ ಹಾಕಿದ್ರಿ ಅದಕ್ಕ?"

"ಎರಡು ಪಾಯಿಂಟ್ ಎಂಟು."

"ಎಷ್ಟಕ್ಕ?"

"ನಾಕಕ್ಕ."

"ಹಂಗಾರ ನನ್ನ ಮಾರಿಗೆ ಈಗ ಎಷ್ಟ ಬೀಳ್ತಾವ, ನೋಡಿ ಹೇಳ್ರಿ."

ದಾಕ್ಷಾಯಣಿ ತಂದಿದ್ದ ಮೋಸಂಬಿಯ ಚೀಲ ಕೈಯಲ್ಲೇ ಉಳಿಯಿತು. ಅಳು ಬರಲಿಲ್ಲ. ಬಂದದ್ದು ಸಿಟ್ಟು. ಮೊದಲು ತನ್ನ ಮೇಲೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಸಿಟ್ಟು ಬೆಳೆದು, ಒಬ್ಬಳ ಮೇಲೆ ಹಿಡಿಸಲಾರದಷ್ಟಾಯಿತು.

*

ಮೂರನೆಯ ದಿನ ಕೇಂದ್ರದ ಪತ್ರ ಬಂತು. ಬೆಳಗಿನ ಉಪ್ಪಿಟ್ಟು ಮುಂದಿಟ್ಟುಕೊಂಡು ಗಂಡ ಮಹಾಂತೇಶ ಅದನ್ನು ಗಟ್ಟಿಯಾಗಿ ಓದಿದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

"'ಸದರಿ ದೋಷವು ವಿದ್ಯಾರ್ಥಿನಿಗೆ ಮೊದಲೇ ತಿಳಿದಿತ್ತೆಂಬುದು ಆಕೆಯ ಬರಹದಿಂದಲೇ ಸಿದ್ಧವಾಗಿದ್ದು, ತಿಳಿದೂ ಯೋಜನೆಯನ್ನು ಹಿಂಪಡೆಯದ ಕಾರಣ, ನಡತೆ ಸಾಲಿನಲ್ಲಿ ಒಂದು ನಮೂದಿಸಲು ಉದ್ದೇಶಿಸಲಾಗಿದೆ. ವಿಚಾರಣೆ ಗುರುವಾರ.' ಅಂದ್ರ ಏನು? ತಪ್ಪು ಆ ಹುಡುಗಿದ?"

"ಎಲ್ಲ್ಯರ ಒಂದು ಕಡೆ ಒಂದು ಬೀಳಬೇಕು. ಬೀಳೋ ತನಕಾ ಮುಚ್ಚಳ ಅರ್ಹನ. ಇವತ್ತಿಗೂ ಮುನ್ನೂರು ಶಾಲ್ಯಾಗ ಅದನ್ನ ಹಾಕಿ ಫೋಟೋ ತಗೀತಾರ. ಸುರಕ್ಷತೆ ಸಾಲಿನ್ಯಾಗ ಬಿದ್ರ ಅದು ಒಪ್ಪಿದವರ ಮ್ಯಾಲೆ ಬರ್ತದ. ನನ್ನ ಮ್ಯಾಲೆ, ಕೇಂದ್ರದ ಇನಾಂದಾರ ಸಾಹೇಬರ ಮ್ಯಾಲೆ. ನಡತಿ ಸಾಲಿನ್ಯಾಗ ಬಿದ್ರ ಹುಡುಗಿ ದಾಖಲೆಗೆ ಹತ್ತಿ ಕೂರ್ತದ. ಡಿಪ್ಲೊಮಾ ಇಲ್ಲ, ಐಟಿಐ ಇಲ್ಲ, ಯಾವ ಕಾಲೇಜೂ ಒಳಗ ಬಿಡಂಗಿಲ್ಲ."

"ನೀ ಬದಲಿ ಮಾಡಾಕ ಬರಂಗಿಲ್ಲೇನು?"

"ಒಪ್ಪಿದ ಮ್ಯಾಲೆ ನಂದು ಮುಗೀತು. ಇನಾಂದಾರ ಸಾಹೇಬರೊಬ್ಬರ ಕೈಯಾಗ ಐತಿ."

ಮಹಾಂತೇಶ ಪತ್ರವನ್ನು ಉಪ್ಪಿಟ್ಟಿನ ತಟ್ಟೆಯ ಕೆಳಗೆ ತಳ್ಳಿದ. "ನಮ್ಮ ಡಿಪೋದಾಗ ಬ್ರೇಕ್ ಇಲ್ಲದ ಬಸ್ಸಿಗೆ, ಬಣ್ಣ ಚಲೋ ಐತಿ, ಸೀಟು ಮೆತ್ತಗ ಐತಿ, ಹಾರ್ನ್ ಅಂತೂ ಭಾಳ ಚಂದ ಅಂತ ಸರಾಸರಿ ತಗದು ರೋಡಿಗೆ ಬಿಟ್ರ ಜನ ನಮ್ಮನ್ನ ಕಂಬಕ್ಕ ಕಟ್ಟಿ ಬಡೀತಾರ. ನೀವು ಶಾಣ್ಯಾ ಮಂದಿ, ಅದಕ್ಕ ರೂಬ್ರಿಕ್ಸು ಅಂತೀರಿ."

ಅವನು ನಗಿಸಲಿಕ್ಕೆಂದೇ ಅಂದದ್ದು. ಅವಳು ನಗಲಿಲ್ಲ.

*

ಮೆಹರು ಪ್ರಯೋಗಶಾಲೆಯ ಮೂಲೆಯಲ್ಲಿ ಕೂತು ತನ್ನ ಮೊದಲಿನ ಮುಚ್ಚಳವನ್ನು ಇಕ್ಕಳದಿಂದ ಬಿಚ್ಚುತ್ತಿದ್ದಳು. ತೇಲುಗುಂಡು ಒಂದು ಕಡೆ, ಸ್ಪ್ರಿಂಗ್ ಒಂದು ಕಡೆ. ಟೀಚರ್ ಬಂದರೂ ತಲೆ ಎತ್ತಲಿಲ್ಲ.

"ಮೆಹರು, ಗುರುವಾರ ನಿಮ್ಮ ಅಬ್ಬಾನ ಕರಕೊಂಡು ಬಾ. ನಾ ಇರ್ತೀನಿ."

"ಹಾಳ್ಯಾಗ ನಾ ಬರದಿದ್ದೆ, ಟೀಚರ್."

"ಹೌದವಾ, ಬರದಿದ್ದಿ."

"ನಮ್ಮ ಮನ್ಯಾಗ ಎಮ್ಮಿ ಹಾಲು ಹಾಕಿ ನೋಡಿದ್ದೆ. ಮುಚ್ಚಳ ಹಾರಿ ಜಂತಿಗೆ ಬಡೀತು. ಅಮ್ಮಿ ಬೈದಳು. ಅದಕ್ಕ ಬರದೆ. ನೀವು ನಾಕು ಕೊಟ್ರಿ. ನಕ್ಷತ್ರ ಹಾಕಿದ್ರಿ. ಕ್ಲಾಸಿನ್ಯಾಗ ಎಲ್ಲಾರಿಗೂ ತೋರಿಸಿ, ನೋಡ್ರಿ ಎಷ್ಟು ಪ್ರಾಮಾಣಿಕ ಹುಡುಗಿ, ಅಂದ್ರಿ." ಇಕ್ಕಳ ನಿಂತಿತು. "ಟೀಚರ್ ಓದ್ಯಾರ ಅಂದ್ರ ಇನ್ನ ದೊಡ್ಡವರು ಸರಿ ಮಾಡ್ತಾರ ಅಂದ್ಕೊಂಡೆ. ನೀವು ಓದಿದ್ರೋ ಇಲ್ಲೋ?"

ಓದಿದ್ದಳು. ಓದಿಲ್ಲ ಎಂದು ಹೇಳುವಂತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಅದನ್ನು ಮಗುವಿನ ಗುಣವೆಂದು ಓದಿದ್ದಳು, ಉಗಿಯ ಸುದ್ದಿ ಎಂದು ಓದಿರಲಿಲ್ಲ. ಚಿಕ್ಕವಳಿದ್ದಾಗ ಶ್ರಾವಣ ಪೂರ್ತಿ ಮಠದ ಕಟ್ಟೆಯ ಮೇಲೆ ಕೂತು ಪುರಾಣ ಕೇಳಿ ಬೆಳೆದವಳು. ಅಲ್ಲಿ ಒಬ್ಬರು ಪದ್ಯ ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಕೂತವರ ಮುಖದಲ್ಲಿ ಆ ಅರ್ಥ ಕಾಣುವ ತನಕ ಹಾಡುವವರು ಮುಂದಿನ ಪದ್ಯಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಅಂಥ ಕಡೆ ಕಿವಿ ಬೆಳೆಸಿಕೊಂಡವಳು, ಹದಿನಾಲ್ಕು ವರ್ಷದ ಹುಡುಗಿ 'ಮುಚ್ಚಳ ಹಾರಬಹುದು' ಎಂದು ಕೂಗಿ ಹೇಳಿದ್ದಕ್ಕೆ, ಗುಣ ಚೆಂದ ಎಂದು ನಕ್ಷತ್ರ ಹಾಕಿದ್ದಳು. ಆ ಒಂದು ಸಾಲಿಗೆ ಬರೀ ಎರಡು ಬಿದ್ದಿದ್ದರೆ ಸರಾಸರಿ ಎರಡು ಪಾಯಿಂಟ್ ನಾಲ್ಕಾಗಿ ಮುಚ್ಚಳ ಶಾಲೆಯಲ್ಲೇ ಉಳಿಯುತ್ತಿತ್ತು. ಅಪಾಯವಿದೆ ಎಂದು ಹುಡುಗಿ ಹೇಳಿದ್ದೇ ಅಪಾಯವನ್ನು ಊರೂರಿಗೆ ಕಳಿಸಿತ್ತು.

"ಓದಿದ್ದೆ, ಆದರ ಕೇಳಿರಲಿಲ್ಲ," ಎಂದಳು ದಾಕ್ಷಾಯಣಿ.

ಮೆಹರು ಸ್ಪ್ರಿಂಗನ್ನು ಎಳೆದು ನೆಟ್ಟಗೆ ಮಾಡಿ ಕಸದ ಬುಟ್ಟಿಗೆ ಒಗೆದಳು.

*

ಗುರುವಾರ ಹತ್ತಕ್ಕೆ ಕೇಂದ್ರದ ಸಭಾಕೋಣೆಯಲ್ಲಿ ಐದು ಜನ ಇದ್ದರು. ಮೇಜಿನ ಆಚೆ ಮೌಲ್ಯಮಾಪನ ಅಧಿಕಾರಿ ಅರವಿಂದ ಇನಾಂದಾರ, ಇಸ್ತ್ರಿ ಮುರಿಯದ ಅಂಗಿ. ಪಕ್ಕದಲ್ಲಿ ಪೆಟ್ಟಿಗೆ ನಡೆಸುವ ಆಪರೇಟರ್ ಗುಳಪ್ಪ. ಈಚೆ ಬೆಂಚಿನ ಮೇಲೆ ಮೆಹರು, ಅವಳ ಅಬ್ಬಾ, ದಾಕ್ಷಾಯಣಿ. ಗಾಜಿನ ಗೋಡೆಯ ಆಚೆ ಅಚ್ಚುಮನೆ. ಉದ್ದನೆಯ ಯಂತ್ರಗಳು ಸದ್ದಿಲ್ಲದೆ ಕೈ ಚಾಚಿ ಏನನ್ನೋ ಅಚ್ಚು ಹಾಕುತ್ತಿದ್ದವು.

"ನೋಡಮ್ಮಾ," ಎಂದರು ಇನಾಂದಾರ ಮೃದುವಾಗಿ, "ಗೊತ್ತಿದ್ದೂ ಸುಮ್ಮನಿದ್ದಿ. ಅದು ತಪ್ಪಲ್ಲೇನು?"

"ಸುಮ್ಮನಿರಲಿಲ್ರಿ ಸರ್. ಬರದಿದ್ದೆ."

"ಬರದದ್ದು ಸ್ವವಿಮರ್ಶೆ ಸಾಲಿನ್ಯಾಗ. ಅದಕ್ಕ ನಾಕು ಸಿಕ್ಕಾವಲ್ಲ. ನಾ ಕೇಳೂದು ನಡತಿ."

"ಸಾಹೇಬ್ರ," ಹುಡುಗಿಯ ಅಬ್ಬಾ ಎದ್ದು ನಿಂತ, "ಅದು ಹೇಳೇತಿ, ನೀವು ಕೇಳಿಲ್ಲ. ನಡತಿ ಯಾರದು ಕೆಟ್ಟೈತಿ?"

"ಕೂಡ್ರಿ ಕೂಡ್ರಿ. ಇಲ್ಲಿ ಭಾವನೆ ನಡೆಯಂಗಿಲ್ಲ."

ದಾಕ್ಷಾಯಣಿ ಬೆಂಚಿನ ಕೆಳಗಿನಿಂದ ಒಂದು ಸ್ಟೀಲ್ ಬಕೆಟ್ ಎತ್ತಿ ಪೆಟ್ಟಿಗೆಯ ಮುಂದೆ ಧಪ್ ಎಂದು ಇಟ್ಟಳು. ಬಕೆಟ್ಟಿನೊಳಗೆ ನೀರು ಕಾಯಿಸುವ ಕರೆಂಟಿನ ಕಾಯಿಲ್. ಅದರ ವೈರಿನ ಸಿಪ್ಪೆಯನ್ನೆಲ್ಲ ಕೆರೆದು, ತಾಮ್ರವನ್ನು ಬಕೆಟ್ಟಿನ ಹಿಡಿಕೆಗೇ ಸುತ್ತಿದ್ದಳು. ಜೊತೆಗೊಂದು ಹಾಳೆ.

"ಏನಿದು?"

"ಮಾದರಿ ಯೋಜನೆ, ಸರ್. ಟೀಚರು ವರ್ಷಕ್ಕೊಂದು ಕೊಡಬೇಕು ಅಂತ ನಿಮ್ಮ ಸುತ್ತೋಲೆ ಐತಿ. ಇದು ನಂದು. ಗುಳಪ್ಪಣ್ಣ, ಪೆಟ್ಟಿಗಿ ಹಚ್ಚು."

ಗುಳಪ್ಪ ಸಾಹೇಬರ ಮುಖ ನೋಡಿದ, ಸುತ್ತೋಲೆ ನೆನಪಾಯಿತು, ಹಚ್ಚಿದ. ದಾಕ್ಷಾಯಣಿ ಪೆಟ್ಟಿಗೆಯ ಎದುರು ನಿಂತು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಹಾಳೆ ಓದಿದಳು. "ಇದು ನೀರು ಕಾಯಿಸುವ ಬಕೆಟ್. ಬಡವರಿಗೆ ಅನುಕೂಲ. ದೋಷ: ಬಕೆಟ್ ಮುಟ್ಟಿದವರು ಸಾಯುತ್ತಾರೆ."

ಗಾಜಿನ ಕಣ್ಣು ಹೊರಳಿದವು. ಪರದೆಯ ಮೇಲೆ ಸಾಲು ಸಾಲಾಗಿ ಮೂಡಿತು. ಯೋಚನೆ ಮೂರು. ಕಟ್ಟುವಿಕೆ ಮೂರು. ಸುರಕ್ಷತೆ ಎರಡು. ಸ್ವವಿಮರ್ಶೆ ನಾಲ್ಕು. ನಡತೆ ಮೂರು. ಸರಾಸರಿ ಮೂರು. ಅಚ್ಚಿಗೆ ಅರ್ಹ.

ಅಬ್ಬಾ ಒಮ್ಮೆಲೇ ನಕ್ಕುಬಿಟ್ಟ, ನಕ್ಕವನು ಬಾಯಿ ಮುಚ್ಚಿಕೊಂಡ. ದಾಕ್ಷಾಯಣಿ ತನ್ನ ಕೈಯಿಂದಲೇ 'ಒಪ್ಪಿದೆ' ಒತ್ತಿದಳು. ಪರದೆ ಇನಾಂದಾರರ ಕಡೆಗೆ ಮಿನುಗತೊಡಗಿತು.

"ನಾ ಒತ್ತಂಗಿಲ್ಲ," ಎಂದರು ಅವರು.

"ನೀವು ಒತ್ತೂದ ಬ್ಯಾಡ್ರಿ ಸರ್," ಗುಳಪ್ಪ ತಲೆ ಕೆರೆದುಕೊಂಡ. "ರಾಶಿ ಫೈಲ್ ಉಳಿತಾವ ಅಂತ ಎರಡು ವರ್ಷದ ಹಿಂದ ನೀವ ಹೇಳಿದ್ರಿ. ಐದು ನಿಮಿಷ ಬಿಟ್ರ ತಾನ ಒತ್ಕೋತದ."

ಅಂದರೆ ಹಾಲುಮುಚ್ಚಳಕ್ಕೂ ಸಾಹೇಬರು ಒತ್ತಿರಲಿಲ್ಲ. ಅವರು ಚಹಾ ಕುಡಿಯುವಾಗ ಅದು ತಾನೇ ಒತ್ತಿಕೊಂಡಿತ್ತು.

"ನಿಲ್ಲಿಸೋ ಅದನ್ನ!" ಇನಾಂದಾರರು ಗುಳಪ್ಪನ ಮೇಲೆ ಕೂಗಿದರು.

"ಒಂದ್ ಹಾಕದ ನಿಲ್ಲಂಗಿಲ್ರಿ."

"ಫ್ಯೂಸ್ ತಗಿ!"

"ತಗದ್ರ ಆಕಡೆ ಅಚ್ಚಾಗೂ ಸಾವಿರ ಬೆಂಚು ಅರ್ಧಕ್ಕ ನಿಲ್ತಾವ. ಬರದು ಕೊಡ್ರಿ, ತಗೀತೀನಿ."

"ಬರೀರಿ ಸರ್," ಎಂದಳು ದಾಕ್ಷಾಯಣಿ. "ಮೂರೂವರಿ ನಿಮಿಷ ಅದಾವ. ಒಂದು ಹಾಕ್ರಿ. ಯಾವ ಸಾಲಿಗೆ ಹಾಕ್ತೀರಿ? ನಡತಿಗೆ ಹಾಕ್ರಿ ಬೇಕಾದ್ರ. ನಾ ಕೆಟ್ಟ ಹೆಂಗಸು ಅಂತ ಆಗ್ತದ, ಬಕೆಟ್ ಮಾತ್ರ ಸುರಕ್ಷಿತ ಅಂತ ದಾಖಲೆಯೊಳಗ ಉಳಿತದ. ಮುಂದಿನ ವರ್ಷ ಒಳ್ಳೆ ನಡತಿಯವರು ಯಾರಾದರೂ ಅದನ್ನ ತಂದಿಟ್ರ ಅಚ್ಚಾಗ್ತದ. ಅಲ್ಲೇನು?"

ಇನಾಂದಾರರು ಕುರ್ಚಿ ಎಳೆದು ಪರದೆಯ ಮುಂದೆ ಕೂತರು. ಬೆರಳು ಸುರಕ್ಷತೆಯ ಸಾಲಿಗೆ ಹೋಯಿತು. ಒಂದು. ತಕ್ಷಣ ಕಾರಣದ ಜಾಗ ತೆರೆಯಿತು; ಅಧಿಕಾರಿಗೆ ಐವತ್ತು ಶಬ್ದದ ಕಟ್ಟು ಇರಲಿಲ್ಲ. ಎದುರಿಗಿದ್ದ ಹಾಳೆಯನ್ನೇ ನೋಡುತ್ತ ಅವರು ಒತ್ತಿದರು. 'ಬಕೆಟ್ ಮುಟ್ಟಿದವರು ಸಾಯುತ್ತಾರೆಂದು ತಯಾರಿಸಿದವರೇ ಬರೆದಿರುತ್ತಾರೆ.'

ಅಚ್ಚುಮನೆಯಲ್ಲಿ ಒಂದು ಯಂತ್ರ ಕೈ ಮಡಚಿತು.

"ಈಗ ಮೆಹರುನ ಹಾಳಿ ತಗೀರಿ," ಎಂದಳು ದಾಕ್ಷಾಯಣಿ. "ಅದ ಸಾಲಿಗೆ ಅದ ಅಂಕ ಹಾಕ್ರಿ. ಕಾರಣಾನೂ ಅದ. ತಯಾರಿಸಿದವಳ ಬರದಾಳ. ಬಕೆಟ್ಟಿಗೆ ಬರದದ್ದು ಪುರಾವೆ ಆದ್ರ ಮುಚ್ಚಳಕ್ಕ ಬರದದ್ದು ಅಪರಾಧ ಹೆಂಗ ಆಗ್ತದ?"

"ಟೀಚರ್, ನಿಮ್ಮ ಹೆಸರೂ ಬೀಳ್ತದ. ಇನ್ನ ಮ್ಯಾಲೆ ಮೌಲ್ಯಮಾಪನಕ್ಕ ನಿಮ್ಮನ್ನ ಕರೆಯಂಗಿಲ್ಲ. ಸೇವಾ ಪುಸ್ತಕದಾಗ ಬರ್ತದ."

"ಬರಲಿ. ಫಕೀರವ್ವನ ಮಾರಿ ಮ್ಯಾಲೆ ಬಂದದ್ದಕ್ಕಿಂತ ಕಡಿಮಿ ಐತಿ."

ಇನಾಂದಾರರು ಪರದೆಯನ್ನು ಮತ್ತೆ ಓದಿದರು. ಬಕೆಟ್ಟಿನ ಕಾರಣದ ಮೇಲೆ ಅವರ ಹೆಸರು, ತಾರೀಕು, ಹೊತ್ತು ಎಲ್ಲ ಆಗಲೇ ಬಿದ್ದಾಗಿತ್ತು. ಅದರ ಪಕ್ಕದಲ್ಲೇ ಬೇರೆ ಮಾತು ಬರೆದರೆ ನಾಳೆ ಯಾರಾದರೂ ಎರಡನ್ನೂ ಜೋಡಿಸಿ ಓದುತ್ತಾರೆ. ಅವರು ಬರೆದರು. ಹಾಲುಮುಚ್ಚಳ, ಸುರಕ್ಷತೆ, ಒಂದು. ನಡತೆಯ ಮೂರು ಮೂರಾಗಿಯೇ ಉಳಿಯಿತು. ಪರದೆಯ ಅಡಿಯಲ್ಲಿ ಒಪ್ಪಿದವರ ಹೆಸರುಗಳು ಕೆಂಪಾದವು, ಒಂದರ ಕೆಳಗೊಂದು. ಮುನ್ನೂರ ಹನ್ನೆರಡು ಶಾಲೆಗಳಿಗೆ ಮುಚ್ಚಳ ತೆಗೆಯಿರಿ ಎಂಬ ಆದೇಶ ಹೊರಟಿತು. ಗಂಟೆ ಹತ್ತೂ ನಲವತ್ತು. ಹನ್ನೊಂದಕ್ಕೆ ಶಾಲೆಗಳಲ್ಲಿ ಹಾಲು ಒಲೆಗೇರುವ ಹೊತ್ತು.

*

ಹೊರಗೆ ಪಡಸಾಲೆಯಲ್ಲಿ ಅಬ್ಬಾ ಕೈ ಮುಗಿದ. ಮೆಹರು ಮುಗಿಯಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಉಳೀತವಾ ನಿನ್ನ ದಾಖಲಿ," ಎಂದಳು ದಾಕ್ಷಾಯಣಿ. "ಡಿಪ್ಲೊಮಾ ಅರ್ಜಿ ಹಾಕು."

"ಹಾಕ್ತೀನ್ರಿ. ಒಂದು ಮಾತು ಟೀಚರ್. ಇನ್ನ ಮ್ಯಾಲೆ ನಾ ದೋಷ ಬರಿಯಂಗಿಲ್ಲ."

"ಏನಂದಿ?"

"ಬರದ್ರ ಕಷ್ಟ. ಬರಿಯದವರಿಗೆ ಏನೂ ಆಗಿಲ್ಲ. ನಮ್ಮ ಕ್ಲಾಸಿನ ಹುಡುಗುರು ಎಲ್ಲಾರೂ ಇದನ್ನ ಅಂತಾರ. 'ಏನೂ ದೋಷ ಇಲ್ಲ' ಅಂತ ಬರದ್ರಾತು, ಎರಡು ಬೀಳ್ತಾವ, ಸಾಕು."

"ಹುಚ್ಚಿ! ಬರೀಬೇಕು!" ದಾಕ್ಷಾಯಣಿ ಪಡಸಾಲೆಯಲ್ಲೇ ಕಿರುಚಿದಳು. ಕಾಗದ ಹಿಡಿದು ಹೋಗುತ್ತಿದ್ದ ಜವಾನನೊಬ್ಬ ನಿಂತು ನೋಡಿದ. "ನೀ ಬರಿಯದಿದ್ರ ಇನ್ಯಾರು ಹೇಳ್ತಾರ?"

"ಯಾರು ಓದ್ತಾರ್ರಿ?"

"ನಾ ಓದ್ತೀನಿ."

"ನಿಮ್ಮನ್ನ ಈಗಷ್ಟ ತಗದ್ರಲ್ಲ, ಟೀಚರ್."

ಹುಡುಗಿ ಚುಚ್ಚಲಿಕ್ಕೆ ಅಂದದ್ದಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಹಾಲುಮುಚ್ಚಳದ ಹಾಳೆಯಲ್ಲಿ ಹೇಳಿದ ಹಾಗೆ. ಅಬ್ಬಾ ಅವಳ ಹೆಗಲು ಹಿಡಿದು ಬಸ್ ನಿಲ್ದಾಣದ ಕಡೆಗೆ ನಡೆಸಿಕೊಂಡು ಹೋದ. ಅವಳು ತಿರುಗಿ ನೋಡಲಿಲ್ಲ.

ದಾಕ್ಷಾಯಣಿ ಮನೆಗೆ ಹೋಗಬಹುದಿತ್ತು, ಮಹಾಂತೇಶನಿಗೆ ಎಲ್ಲ ಹೇಳಬಹುದಿತ್ತು. ಅಂಕ ಹಾಕುವುದರಿಂದ ತನ್ನನ್ನು ತೆಗೆದಿದ್ದಾರೆ, ಸರಿ. ಓದಲಿಕ್ಕೆ ಯಾರ ಅಪ್ಪಣೆ ಬೇಕು? ಅವಳು ಹಿಂದಿರುಗಿ ದಾಖಲೆ ಕೋಣೆಗೆ ಹೋದಳು. ಗುಳಪ್ಪ ಅಲ್ಲಿಯೇ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ.

"ಈಗ ಬಳಕೆಯೊಳಗ ಇರೂ ಯೋಜನೆಗಳ ಹಾಳಿ ಎಲ್ಲಿ ಅದಾವ?"

"ಆ ಕಪಾಟು ಪೂರ್ತಿ ಅವ. ಯಾಕ್ರಿ?"

"ಸ್ವವಿಮರ್ಶೆಗೆ ನಾಕು ಬಿದ್ದವು ಅಷ್ಟ ತಗಿ."

"ಭಾಳ ಅದಾವ್ರಿ ಟೀಚರ್."

"ಗೊತ್ತೈತಿ. ತಗಿ."

ಮೊದಲ ಕಟ್ಟು ಬಿಚ್ಚಿ ಅವಳು ನೆಲದ ಮೇಲೆಯೇ ಕೂತಳು. ಮೇಲಿನ ಹಾಳೆ ತಾನು ಕಾಣದ ಊರಿನ ಯಾವನೋ ಹುಡುಗನದು. ಅಂಗನವಾಡಿಗಳಿಗೆ ತಾನೇ ತೂಗುವ ತೊಟ್ಟಿಲು. ತೊಂಬತ್ತಾರು ಪ್ರತಿ ಅಚ್ಚಾಗಿ ಕಳಿಸಿದೆ ಎಂಬ ಮುದ್ರೆ ಇತ್ತು. ಅಂಚಿನಲ್ಲಿ ಯಾವುದೋ ಟೀಚರಿನ ಕೆಂಪು ನಕ್ಷತ್ರ. ಅವಳು ಕೊನೆಯ ಸಾಲಿಗೆ ಬೆರಳಿಟ್ಟು, ಈ ಸಲ ಬಾಯಿ ತೆರೆದು, ಗುಳಪ್ಪನಿಗೂ ಕೇಳುವಂತೆ ಓದಿದಳು. 'ಮೋಟಾರು ಬಿಸಿಯಾದರೆ ಹಗ್ಗ ಸಡಿಲಾಗಿ ಒಳಗೆ ಜೋತು ಬೀಳುತ್ತದೆ. ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು.'

ಗುಳಪ್ಪನ ಕೈಯ ರೊಟ್ಟಿ ಡಬ್ಬಿಗೆ ಬಿತ್ತು.

ದಾಕ್ಷಾಯಣಿ ಹಾಳೆ ಹಿಡಿದು ಎದ್ದಳು. ಚಪ್ಪಲಿ ಹಾಕಿಕೊಳ್ಳುವಷ್ಟೂ ತಡೆಯಲಿಲ್ಲ. "ಇನಾಂದಾರ ಸಾಹೇಬ್ರ!" ಎಂದು ಅವಳು ಕೂಗಿದ ದನಿಗೆ ಪಡಸಾಲೆಯ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದವು.